ಉಪ್ಪಾಗೆ, ಏಕನಾಯಕ ಮತ್ತು ಮರಳಿ ಬಾರದ ಉತ್ತರ

ಕಳೆದ ಶ್ರಾವಣದ ಒಂದು ಸಂಜೆ, ಮಳೆ ತುಸು ಹೊಳವಾದ ಹೊತ್ತಿನಲ್ಲಿ, ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಮತ್ತಿಘಟ್ಟದ ಕಡೆಯವನು. ನಾಲ್ಕನೆಯ ಇಯತ್ತೆಯಲ್ಲಿ ನನ್ನ ಕೈಕೆಳಗೆ ಭಾಗಾಕಾರ ಕಲಿತವನು ಈಗ ನಲವತ್ತೈದು ದಾಟಿದ ತೋಟಿಗ. ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ಚೀಲದಿಂದ ಹಳದಿ ಬಣ್ಣದ ಬೇರಿನ ಕಟ್ಟೊಂದನ್ನು ತೆಗೆದು ನನ್ನ ಮುಂದಿಟ್ಟ.

“ಮಾಸ್ತರೇ, ಸಕ್ಕರೆ ಕಾಯಿಲೆ ಗುಳಿಗೆ ನುಂಗಿ ನುಂಗಿ ಸಾಕಾಗೋತು. ಇದು ಏಕನಾಯಕನ ಬೇರು. ಕಾಡಿಂದು, ಎಂತ ಕೆಡುಕೂ ಇಲ್ಲೆ ಹೇಳಿ ಕೊಟ್ಟವ ಹೇಳ್ದ. ಗುಳಿಗೆ ಬಿಟ್ಟು ಇದನ್ನೇ ಕುಡಿಲಕ್ಕ?”

“ಬಿಡಡ ತಮಾ. ಮೊದಲು ಕೂತ್ಗ. ನಂದೊಂದು ಕಥೆ ಇದ್ದು, ಕೇಳು” ಎಂದೆ.

ಅಂದು ಅವನಿಗೆ ಹೇಳಿದ್ದನ್ನೂ, ಅವನು ಹೋದ ಮೇಲೆ ನನ್ನೊಳಗೆ ಬೆಳೆದ ಯೋಚನೆಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಕಾಡಿನ ಅಂಚಿನ ಶಾಲೆಗಳಲ್ಲಿ ಆಯುಷ್ಯ ಕಳೆದ ಮಾಸ್ತರ, ಜೊತೆಗೆ ಹಲವು ವರ್ಷಗಳ ಮಧುಮೇಹಿ. ಆ ಎರಡು ಅರ್ಹತೆಗಳ ಮೇಲೆ ಮಾತ್ರ ಈ ಬರಹ ನಿಂತಿದೆ.

ನನ್ನ ಕಥೆ ಚಿಕ್ಕದು. 2014ರ ಬೇಸಿಗೆಯಲ್ಲಿ ಹಿತೈಷಿಯೊಬ್ಬರು ಕೊಟ್ಟ ಇಂಥದೇ ಬೇರನ್ನು ನಂಬಿ ನಾನು ಮೂರು ತಿಂಗಳು ಗುಳಿಗೆ ಬಿಟ್ಟೆ. ದಿನವೂ ಬೆಳಿಗ್ಗೆ ಕಷಾಯ. ಮೈ ಹಗುರವಾದಂತೆಯೇ ತೋರಿತು; ಅದನ್ನು ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ. ಮಳೆಗಾಲ ಹಿಡಿದಾಗ ಚಪ್ಪಲಿ ಉಜ್ಜಿ ಕಾಲಿನಲ್ಲಿ ಬಂದ ಬೊಬ್ಬೆಯೊಂದು ಹುಣ್ಣಾಗಿ ಮಾಯುವುದಕ್ಕೇ ಒಪ್ಪಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ, ಮೂರು ತಿಂಗಳ ಸರಾಸರಿ ತೋರಿಸುವ ಅಂಕಿ 7.2ರಿಂದ 10.1ಕ್ಕೆ ಏರಿತ್ತು. ಕಾಲು ಉಳಿಯಿತು, ಆದರೆ ಎರಡು ತಿಂಗಳು ಅಂಗಳಕ್ಕೆ ಇಳಿಯಲಾಗಲಿಲ್ಲ. ನನ್ನ ಮಾತು ಕೇಳಿ ಆ ನಾಲ್ವರಲ್ಲಿ ಯಾರಾದರೂ ಗುಳಿಗೆ ಬಿಟ್ಟಿದ್ದರೋ ಏನೋ ಎಂಬ ಅಳುಕು ಮಾತ್ರ ಇಂದಿಗೂ ಹೋಗಿಲ್ಲ.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಎರಡು ಪಕ್ಷಗಳಾಗುತ್ತಾರೆ. “ನಾರುಬೇರಿನ ಔಷಧವೆಲ್ಲ ಹೀಗೆಯೇ, ಮೂಢನಂಬಿಕೆ” ಎನ್ನುವವರು ಒಂದು ಕಡೆ. “ನೀವು ಪಥ್ಯ ಮಾಡಿರಲಿಕ್ಕಿಲ್ಲ” ಎನ್ನುವವರು ಇನ್ನೊಂದು ಕಡೆ. ಎರಡೂ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಏಕೆ ಎಂಬುದಕ್ಕೆ ನಮ್ಮ ಬೆಟ್ಟದಲ್ಲಿಯೇ ಬೆಳೆಯುವ ಎರಡು ಗಿಡಗಳ ಚರಿತ್ರೆಯನ್ನು ಹೇಳಬೇಕು.

ಮೊದಲನೆಯದು ಈ ಏಕನಾಯಕವೇ. ಸಪ್ತರಂಗಿ, ಸಪ್ತಚಕ್ರ ಎಂಬ ಹೆಸರುಗಳೂ ಇದರ ಬಳಗಕ್ಕೆ ಇವೆ. ಪಶ್ಚಿಮಘಟ್ಟದಿಂದ ಸಿಂಹಳದವರೆಗೆ ಕಾಡಿನಲ್ಲಿ ಮರಗಳಿಗೆ ಹಬ್ಬುವ ಬಳ್ಳಿ. ಸಿಂಹಳದಲ್ಲಿ ಇದರ ಕಾಂಡವನ್ನು ಕೊರೆದು ಲೋಟ ಮಾಡಿ, ರಾತ್ರಿ ಅದರಲ್ಲಿ ನೀರಿಟ್ಟು ಬೆಳಿಗ್ಗೆ ಮಧುಮೇಹಿಗಳಿಗೆ ಕುಡಿಸುವ ಪದ್ಧತಿ ಇದೆ. 1997ರಲ್ಲಿ ಜಪಾನಿನ ಕ್ಯೋಟೋ ಔಷಧ ವಿಶ್ವವಿದ್ಯಾಲಯದ ಯೋಶಿಕಾವಾ ಮತ್ತು ಅವರ ಸಂಗಡಿಗರು ಈ ಬಳ್ಳಿಯಿಂದ ‘ಸಲಾಸಿನಾಲ್’ ಎಂಬ ವಸ್ತುವನ್ನು ಬೇರ್ಪಡಿಸಿದರು. ನಾವು ಉಂಡ ಅನ್ನದ ಪಿಷ್ಟ ಒಮ್ಮೆಗೇ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಕರುಳಿನ ಗೋಡೆಯಲ್ಲಿರುವ ಕಿಣ್ವಗಳು ಅದನ್ನು ತುಂಡರಿಸಿ ಗ್ಲೂಕೋಸ್ ಮಾಡಿದ ಮೇಲೆಯೇ ಸೇರುತ್ತದೆ. ಆ ತುಂಡರಿಸುವ ಕೆಲಸವನ್ನು ಸಲಾಸಿನಾಲ್ ನಿಧಾನಗೊಳಿಸುತ್ತದೆ. ಮಧುಮೇಹಕ್ಕೆ ವೈದ್ಯರು ಕೊಡುವ ಅಕಾರ್ಬೋಸ್ ಎಂಬ ಗುಳಿಗೆ ಮಾಡುವುದೂ ಇದೇ ಕೆಲಸವನ್ನು. 2005ರಲ್ಲಿ ಸಿಂಹಳದ ವೈದ್ಯರು 51 ಮಧುಮೇಹಿಗಳಿಗೆ ಮೂರು ತಿಂಗಳು ಈ ಬಳ್ಳಿಯ ಚಹಾವನ್ನೂ ಇನ್ನು ಮೂರು ತಿಂಗಳು ಬರೀ ತೋರಿಕೆಯ ಚಹಾವನ್ನೂ ಕೊಟ್ಟು ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಯಾವುದು ಯಾವುದೆಂದು ಕುಡಿಯುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ನಿಜವಾದ ಚಹಾ ಕುಡಿದ ಅವಧಿಯಲ್ಲಿ ಸಕ್ಕರೆಯ ಸರಾಸರಿ ಸ್ವಲ್ಪವೇ ಆದರೂ ಸ್ಪಷ್ಟವಾಗಿ ಇಳಿದಿತ್ತು.

ಅಂದಮೇಲೆ ನಮ್ಮ ಹಿರಿಯರ ಊಹೆ ಪೊಳ್ಳಲ್ಲ. ಹಾಗಿದ್ದರೆ ನನ್ನ ಕಾಲಿನಲ್ಲಿ ಹುಣ್ಣು ಏಕಾಯಿತು? ಉತ್ತರ ಸರಳವಾಗಿದೆ. ನನಗೆ ಕೊಟ್ಟ ಬೇರು ಏಕನಾಯಕವೇ ಹೌದೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಹೌದೆಂದೇ ಇಟ್ಟುಕೊಂಡರೂ ಆ ಕುಲದಲ್ಲಿ ಹಲವು ಜಾತಿಗಳಿವೆ. ಯಾವುದರಲ್ಲಿ ಎಷ್ಟು ಸತ್ವ, ಎಷ್ಟು ತೂಕದ ಬೇರಿಗೆ ಎಷ್ಟು ನೀರು, ಊಟದ ಜೊತೆಗೋ ಖಾಲಿ ಹೊಟ್ಟೆಗೋ ಎಂಬುದೊಂದೂ ತಿಳಿದಿರಲಿಲ್ಲ. ಊಟದ ಪಿಷ್ಟವನ್ನು ತಡೆಯಬೇಕಾದ ಕಷಾಯವನ್ನು ನಾನು ಊಟಕ್ಕೆ ಮೂರು ತಾಸು ಮೊದಲು ಕುಡಿಯುತ್ತಿದ್ದೆ! ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಪರೀಕ್ಷೆಯಾಗಿ ಗೊತ್ತಿರುವ ಗುಳಿಗೆಯನ್ನು ಬಿಟ್ಟದ್ದು. ಸಿಂಹಳದ ಆ 51 ಮಂದಿಯ ಮೇಲೆ ವೈದ್ಯರ ಕಣ್ಣಿತ್ತು. ನನ್ನ ಮೇಲೆ ಯಾರ ಕಣ್ಣೂ ಇರಲಿಲ್ಲ.

ಎರಡನೆಯದು ಉಪ್ಪಾಗೆ. ಇದನ್ನು ಶಿರಸಿ ಸಿದ್ದಾಪುರದವರಿಗೆ ಪರಿಚಯಿಸಬೇಕಾಗಿಲ್ಲ. ಮಳೆಗಾಲದಲ್ಲಿ ಹಣ್ಣಾಗುವ ಈ ಹುಳಿಯನ್ನು ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ. ನನ್ನ ಆಯಿ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವಿ ಹೊಗೆಯಲ್ಲಿ ಕಪ್ಪಾಗಿಸುತ್ತಿದ್ದಳು. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ದೋಸೆಗೂ ಆಗುತ್ತಿತ್ತು, ಒಡೆದ ಹಿಮ್ಮಡಿಗೂ ಆಗುತ್ತಿತ್ತು. ಕೊಡಗಿನವರು ಇದರಿಂದ ಕಾಚಂಪುಳಿ ಮಾಡುತ್ತಾರೆ; ಕೇರಳದವರಿಗೆ ಮೀನಿನ ಸಾರಿಗೆ ಇದು ಬೇಕೇ ಬೇಕು. ಅಡುಗೆಮನೆಯಾಚೆ ಇದಕ್ಕೆ ಬೆಲೆಯಿದೆ ಎಂದು ನಮ್ಮ ಬಾಲ್ಯದಲ್ಲಿ ಯಾರೂ ಎಣಿಸಿರಲಿಲ್ಲ.

ಬೆಲೆ ಬಂದ ಬಗೆ ಹೀಗೆ. ಈ ಹುಳಿಯ ಮುಖ್ಯ ಆಮ್ಲ ಯಾವುದು ಎಂಬುದನ್ನು 1965ರಲ್ಲಿ ಕಂಡುಹಿಡಿದವರು ನಮ್ಮದೇ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಅದಕ್ಕೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಹೆಸರು. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಲೋವೆನ್‌ಸ್ಟೀನ್ ಮತ್ತು ಅವರ ಸಹೋದ್ಯೋಗಿಗಳು, ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ತೋರಿಸಿದರು. ಇಲಿಗಳ ಯಕೃತ್ತಿನಲ್ಲಿ ಕೊಬ್ಬಿನ ತಯಾರಿ ತಗ್ಗಿತು. ಇಷ್ಟರವರೆಗಿನದು ಒಳ್ಳೆಯ ವಿಜ್ಞಾನ. ಇಲಿಯಿಂದ ಮನುಷ್ಯನ ಸೊಂಟದ ಸುತ್ತಳತೆಯವರೆಗಿನ ದಾರಿಯನ್ನು ಮಾತ್ರ ವ್ಯಾಪಾರ ಒಂದೇ ನೆಗೆತಕ್ಕೆ ಹಾರಿತು. 1990ರ ದಶಕದಲ್ಲಿ ‘ಗಾರ್ಸೀನಿಯಾ ಕಂಬೋಜಿಯಾ’ ಎಂಬ ಹೆಸರಿನ ಮಾತ್ರೆಗಳು ಬೊಜ್ಜು ಕರಗಿಸುವ ನೈಸರ್ಗಿಕ ಔಷಧವೆಂದು ಹೊರದೇಶಗಳ ಅಂಗಡಿ ತುಂಬಿದವು.

ಅದರ ಬಿಸಿ ನಮ್ಮ ಕಾಡಿಗೆ ತಟ್ಟಿತು. ಒಣಸಿಪ್ಪೆಗೆ ದರ ಏರಿದ ಆ ವರ್ಷಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಮೊದಲು ಬಿದ್ದ ಹಣ್ಣು ಆರಿಸುತ್ತಿದ್ದರು. ಆಮೇಲೆ ಹಣ್ಣಾಗುವವರೆಗೆ ಕಾದರೆ ಬೇರೆಯವರ ಪಾಲಾದೀತೆಂಬ ಭಯದಿಂದ ಕಾಯಿಯನ್ನೇ ಇಳಿಸತೊಡಗಿದರು. ಆಮೇಲೆ ಮರ ಹತ್ತುವ ಶ್ರಮವೇಕೆಂದು ಕೊಂಬೆಯನ್ನೇ ಕಡಿದರು. ಮಳೆಯಲ್ಲಿ ಒಣಗಿಸಲು ಹಗಲು ರಾತ್ರಿ ಉರಿಯುವ ಒಲೆ, ಆ ಒಲೆಗೆ ಮತ್ತೆ ಕಾಡಿನದೇ ಕಟ್ಟಿಗೆ. ಜೂನ್ ಜುಲೈ ತಿಂಗಳುಗಳಲ್ಲಿ ನನ್ನ ತರಗತಿ ಅರ್ಧ ಖಾಲಿ. ಮಕ್ಕಳು ಉಪ್ಪಾಗೆ ಬೆಟ್ಟದಲ್ಲಿ. ಯಾರನ್ನು ಬೈಯಲಿ? ಕೂಲಿ ಇಲ್ಲದ ಮಳೆಗಾಲದಲ್ಲಿ ಬಡವರ ಮನೆಗೆ ಬಂದ ದುಡ್ಡು ಅದು. ಆ ದುಡ್ಡಿನಲ್ಲಿ ಕೊಂಡ ಪಾಟಿ ಪುಸ್ತಕಗಳೂ ನನ್ನ ತರಗತಿಗೇ ಬಂದವು.

1998ರ ನವೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ನ್ಯೂಯಾರ್ಕಿನ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ತೂಕ ಹೆಚ್ಚಿದ್ದ 135 ಮಂದಿ, 12 ವಾರ. ಎಲ್ಲರಿಗೂ ಒಂದೇ ಬಗೆಯ ಮಿತಾಹಾರ. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಉಪ್ಪಾಗೆಯ ಆಮ್ಲ, ಇನ್ನೊಂದಕ್ಕೆ ಅದೇ ರೂಪದ ಹುಸಿ ಗುಳಿಗೆ. ಆಮ್ಲ ತೆಗೆದುಕೊಂಡವರು ಸರಾಸರಿ 3.2 ಕಿಲೋ ಇಳಿದರು. ಹುಸಿ ಗುಳಿಗೆಯವರು 4.1 ಕಿಲೋ ಇಳಿದರು. ತೂಕ ಇಳಿಸಿದ್ದು ಮಿತಾಹಾರವೇ. ಉಪ್ಪಾಗೆಯಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಮುಂದೆ ಇನ್ನೊಂದು ಸಂಗತಿಯೂ ಹೊರಬಿತ್ತು. ಇಂಥ ಮಾತ್ರೆಗಳನ್ನು ನುಂಗಿದ ಕೆಲವರ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳನ್ನು ಅಮೆರಿಕದ ತಜ್ಞರು ದಾಖಲಿಸಿ, 2022ರಲ್ಲಿ ಅವುಗಳ ಅಧ್ಯಯನವನ್ನು ಪ್ರಕಟಿಸಿದರು. ನಮ್ಮ ಸಾರಿನ ಉಪ್ಪಾಗೆಗೂ ಸತ್ವ ಹಿಂಡಿ ತುಂಬಿದ ಮಾತ್ರೆಗೂ ಬಹಳ ವ್ಯತ್ಯಾಸವಿದೆ. ಯಾರೂ ಸಾರು ಬಿಡಬೇಕಾಗಿಲ್ಲ. ಆದರೆ “ನೈಸರ್ಗಿಕವಾದದ್ದು, ಆದ್ದರಿಂದ ಕೆಡುಕಿಲ್ಲ” ಎಂಬ ಮಾತನ್ನು ಇನ್ನು ಮುಂದೆ ಯಾರೂ ಆಡಬಾರದು. ಕಾಸರಕನ ಕಾಯಿಯೂ ನೈಸರ್ಗಿಕವೇ ಅಲ್ಲವೆ?

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಒಂದೇ ಬೆಟ್ಟದಲ್ಲಿ ಬೆಳೆದ ಎರಡು ಗಿಡಗಳಲ್ಲಿ ಒಂದು ಪರೀಕ್ಷೆಯಲ್ಲಿ ತುಸು ಭರವಸೆ ಕೊಟ್ಟಿತು, ಇನ್ನೊಂದು ಸೋತಿತು. ಹೊರಗಿನಿಂದ ನೋಡಿ ಇದನ್ನು ಹೇಳಲು ಸಾಧ್ಯವಿರಲಿಲ್ಲ. ಪ್ರಯೋಗಶಾಲೆಯ ಮಟ್ಟದಲ್ಲಿಯೂ ಎರಡರ ಕಥೆ ಒಂದೇ ಬಗೆ. ಎರಡೂ ಒಂದೊಂದು ಕಿಣ್ವವನ್ನು ತಡೆಯುತ್ತವೆ. ಬೇರೆ ಮಾಡಿ ತೋರಿಸಿದ್ದು ಮನುಷ್ಯರ ಮೇಲೆ ಪ್ರಾಮಾಣಿಕವಾಗಿ ನಡೆಸಿದ ಪರೀಕ್ಷೆ ಮಾತ್ರ.

“ನಮ್ಮ ಅಜ್ಜಂದಿರ ಅನುಭವವೇ ಪರೀಕ್ಷೆಯಲ್ಲವೆ?” ಎಂದು ನೀವು ಕೇಳಬಹುದು. ಗೌರವದಿಂದಲೇ ಉತ್ತರಿಸುತ್ತೇನೆ. ಹೊಟ್ಟೆ ಕೆಟ್ಟಾಗ ಆಯಿ ಮಾಡುತ್ತಿದ್ದ ದಾಳಿಂಬೆ ಸಿಪ್ಪೆಯ ತಂಬುಳಿಯ ಫಲ ಸಂಜೆಯೊಳಗೆ ಗೊತ್ತಾಗುತ್ತಿತ್ತು. ಆಗದಿದ್ದರೆ ಆ ತಂಬುಳಿ ಬಿಟ್ಟು ಬೇರೆಯದನ್ನು ಮಾಡುತ್ತಿದ್ದಳು. ಹೀಗೆ ತಲೆಮಾರುಗಳಲ್ಲಿ ಸೋಸಿ ಉಳಿದ ಜ್ಞಾನವನ್ನು ನಾನು ತಳ್ಳಿಹಾಕಲಾರೆ. ಆದರೆ ದೀರ್ಘಕಾಲದ ಕಾಯಿಲೆಗಳ ಸ್ವಭಾವವೇ ಬೇರೆ. ಸಕ್ಕರೆಯಾಗಲಿ, ರಕ್ತದೊತ್ತಡವಾಗಲಿ ನೋಯಿಸುವುದಿಲ್ಲ, ಕೂಗುವುದಿಲ್ಲ. ಹತ್ತು ವರ್ಷ ಸುಮ್ಮನಿದ್ದು ಒಂದು ದಿನ ಕಣ್ಣನ್ನೋ ಮೂತ್ರಪಿಂಡವನ್ನೋ ಕೇಳುತ್ತದೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಹಿರಿಯರು ಕಂಡಿದ್ದರು. ರಕ್ತದೊಳಗಿನ ಅಂಕಿಯನ್ನು ಕಾಣುವ ಸಾಧನ ಅವರಿಗಿರಲಿಲ್ಲ. ಕಾಣದ ರೋಗಕ್ಕೆ ಕೊಟ್ಟ ಮದ್ದು ಫಲಿಸಿತೇ ಇಲ್ಲವೇ ಎಂದು ಅವರು ಹೇಗೆ ತಾನೆ ತಿಳಿದಾರು? ನನ್ನ ಮೈ ಹಗುರವಾಯಿತೆಂದು ನಾನು ಊರಿಗೆಲ್ಲ ಹೇಳಿದಾಗ ನನ್ನ ರಕ್ತ ಬೇರೆಯೇ ಕಥೆ ಹೇಳುತ್ತಿತ್ತು.

ಗಿಡಗಳಿಂದ ಔಷಧ ಬರುವುದಿಲ್ಲವೆಂದು ಇದರ ಅರ್ಥವಲ್ಲ. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂಬುದನ್ನು 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಹೃದಯ ಪತ್ರಿಕೆಯಲ್ಲಿ ಬರೆದು ಜಗತ್ತಿಗೆ ತೋರಿಸಿದರು. 1952ರಲ್ಲಿ ಅದರ ಸತ್ವ ರೆಸರ್ಪಿನ್ ಬೇರ್ಪಟ್ಟಿತು. ಹೆಚ್ಚಿನ ಪ್ರಮಾಣದಲ್ಲಿ ಅದು ಮನಸ್ಸನ್ನು ಕುಗ್ಗಿಸಬಹುದೆಂಬುದೂ ಕಂಡುಬಂದು, ಮುಂದೆ ಬೇರೆ ಔಷಧಗಳು ಅದರ ಜಾಗಕ್ಕೆ ಬಂದವು. ನನ್ನ ಶಿಷ್ಯ ಬಿಡಬೇಕೆಂದಿದ್ದ ಗುಳಿಗೆ ಮೆಟ್‌ಫಾರ್ಮಿನ್. ಅದರ ಮೂಲವೂ ಒಂದು ಗಿಡವೇ ಎಂದಾಗ ಅವನು ಕಣ್ಣರಳಿಸಿದ. ಯುರೋಪಿನ ಗಲೇಗಾ ಎಂಬ ಗಿಡದಲ್ಲಿ ಸಕ್ಕರೆ ಇಳಿಸುವ ವಸ್ತುವಿದೆ; ಆದರೆ ಅದು ವಿಷಕಾರಿ. ಅದರ ಬಳಗದ, ಆದರೆ ಸೌಮ್ಯವಾದ ಮೆಟ್‌ಫಾರ್ಮಿನ್ 1922ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಾಯಿತು. 1957ರಲ್ಲಿ ಪ್ಯಾರಿಸಿನ ವೈದ್ಯ ಜಾನ್ ಸ್ಟೆರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. “ನೀನು ನುಂಗುವುದೂ ನಾರುಬೇರಿನ ಮೊಮ್ಮಗನೇ, ಶಾಲೆಗೆ ಹೋಗಿ ಪರೀಕ್ಷೆ ಪಾಸಾಗಿ ಬಂದದ್ದು, ಅಷ್ಟೇ ವ್ಯತ್ಯಾಸ” ಎಂದೆ. ನಕ್ಕ.

ಸೋತ ಉಪ್ಪಾಗೆಯ ಕಥೆಗೂ ಒಂದು ಮುಂದುವರಿಕೆ ಇದೆ. ಅದರ ಆಮ್ಲ ತಡೆಯುತ್ತಿದ್ದ ಅದೇ ಕಿಣ್ವವನ್ನು ಯಕೃತ್ತಿನಲ್ಲಿ ತಡೆಯುವ ಬೆಂಪೆಡೋಯಿಕ್ ಆಮ್ಲವೆಂಬ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಉಪ್ಪಾಗೆಯಿಂದ ಮಾಡಿದ್ದಲ್ಲ; ರಚನೆಯೇ ಬೇರೆ. ಕೆಲಸವೂ ಬೊಜ್ಜು ಕರಗಿಸುವುದಲ್ಲ, ಕೊಲೆಸ್ಟರಾಲ್ ಇಳಿಸುವುದು. ಸುಮಾರು 14,000 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಹೃದಯಾಘಾತದಂಥ ಅವಘಡಗಳು ಶೇಕಡಾ 13ರಷ್ಟು ಕಡಿಮೆಯಾದವೆಂದು 2023ರಲ್ಲಿ ಪ್ರಕಟವಾಯಿತು. ಅರ್ಧ ಶತಮಾನದ ಹಿಂದೆ ಆ ಕಿಣ್ವವನ್ನು ಅರಿಯಲು ವಿಜ್ಞಾನಿಗಳ ಕೈಗೆ ಸಿಕ್ಕ ಸಾಧನಗಳಲ್ಲಿ ನಮ್ಮ ಅಟ್ಟದ ಹುಳಿಯೂ ಒಂದಾಗಿತ್ತೆಂದು ನೆನೆದಾಗ ನನಗೆ ಸಂತೋಷವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ದೂರೊಂದಿದೆ. ವರ್ಷಗಳ ಹಿಂದೆ ವಿಶ್ವವಿದ್ಯಾಲಯವೊಂದರ ಸಂಶೋಧಕರು ನಮ್ಮ ಕಡೆ ಬಂದಿದ್ದರು. ಸಭ್ಯ ಹುಡುಗರು. ಮನೆಮನೆಗೆ ಹೋಗಿ ಯಾವ ರೋಗಕ್ಕೆ ಯಾವ ಬೇರು ಎಂದು ಹಿರಿಯರನ್ನು ಕೇಳಿ ಬರೆದುಕೊಂಡರು, ಎಲೆ ಬೇರುಗಳನ್ನು ಕಾಗದದಲ್ಲಿ ಸುತ್ತಿಕೊಂಡರು, ಊಟ ಮಾಡಿದರು, ಹೊರಟರು. ನಾನೇ ಅವರಿಗೆ ದಾರಿ ತೋರಿಸಿದ್ದೆ. ಏನಾಯಿತೆಂದು ತಿಳಿಸುತ್ತೇವೆ ಎಂದಿದ್ದರು. ತಿಳಿಸಲಿಲ್ಲ. ಅಂದು ಮಾತಾಡಿದ ಹಿರಿಯರಲ್ಲಿ ಇಂದು ಯಾರೂ ಉಳಿದಿಲ್ಲ. ಪ್ರಬಂಧ ಬರೆದಿರಬಹುದು, ಪದವಿ ಬಂದಿರಬಹುದು. ಆದರೆ ಆ ಬೇರುಗಳಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ, ಯಾವುದು ಅಪಾಯಕಾರಿ ಎಂಬ ಉತ್ತರ ಬೇರು ಕೊಟ್ಟ ಊರಿಗೆ ಬರಲೇ ಇಲ್ಲ.

ಇದು ಶಿಷ್ಟಾಚಾರದ ಪ್ರಶ್ನೆ ಮಾತ್ರವಲ್ಲ. 1998ರ ಆ ಪರೀಕ್ಷೆಯ ಸುದ್ದಿ ಮರುವರ್ಷವೇ ಕನ್ನಡದಲ್ಲಿ, ನಾಲ್ಕು ಸಾಲಿನಲ್ಲಿ, ನಮ್ಮ ಸೊಸೈಟಿಯ ಫಲಕಕ್ಕೆ ಬಂದಿದ್ದರೆ? ಬೇಡಿಕೆ ಯಾವುದರ ಮೇಲೆ ನಿಂತಿದೆಯೆಂದು ಗೊತ್ತಾದವನು ಮುಂದಿನ ವರ್ಷದ ಹಣ್ಣನ್ನೂ ನೆನೆದು ಕೊಂಬೆಗೆ ಕತ್ತಿ ಹಾಕಲು ಒಮ್ಮೆ ಯೋಚಿಸುತ್ತಿದ್ದ. ನನಗೂ ಏಕನಾಯಕದ ವಿಷಯ ಕನ್ನಡದಲ್ಲಿ ಸಿಕ್ಕಿದ್ದರೆ ಗುಳಿಗೆ ಬಿಡುತ್ತಿರಲಿಲ್ಲ. ಉತ್ತರ ಬಾರದ ಕಡೆ ಅಂಗಡಿಯವನ ಜಾಹೀರಾತು ಬರುತ್ತದೆ. ಈಗ ಅದು ಎಲ್ಲರ ಜೇಬಿನ ಫೋನಿಗೇ ಬರುತ್ತದೆ, ಅದೂ ಅಚ್ಚ ಕನ್ನಡದಲ್ಲಿ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ತಯಾರಾಗಬೇಕು. ಕಾಯಿದೆ ಲಾಭದ ಹಂಚಿಕೆಯ ಮಾತನ್ನೂ ಆಡುತ್ತದೆ. ಹಣದ ಪಾಲು ಬಂದರೆ ಸಂತೋಷ. ಅದಕ್ಕಿಂತ ಮೊದಲು ತಿಳಿವಳಿಕೆಯ ಪಾಲು ಬರಲಿ ಎಂಬುದು ನನ್ನ ಬೇಡಿಕೆ. ನಮ್ಮ ದೇಶದಲ್ಲಿ ಮನುಷ್ಯರ ಮೇಲಿನ ಔಷಧ ಪರೀಕ್ಷೆಗಳನ್ನು ನೋಂದಾಯಿಸುವ ಸಾರ್ವಜನಿಕ ಪಟ್ಟಿ 2007ರಿಂದ ಇದೆ. ಅಂಥ ಪಾರದರ್ಶಕತೆ ಊರಿನ ಭಾಷೆಯವರೆಗೆ ಇಳಿಯಲಿ. ಯಾವ ಊರಿನ ಗಿಡವನ್ನೂ ಮಾತನ್ನೂ ಸಂಶೋಧನೆಗೆ ಒಯ್ಯುತ್ತಾರೋ ಆ ಊರಿನ ಶಾಲೆಗೆ, ಸೋತಿದ್ದರೆ ಸೋತಿತೆಂದೇ, ಒಂದು ಪುಟದ ಕನ್ನಡ ಪತ್ರ ಬರಬೇಕು. ಸೋತ ಫಲಿತಾಂಶವೇ ನಮಗೆ ಹೆಚ್ಚು ಬೇಕಾದದ್ದು, ಏಕೆಂದರೆ ಅದನ್ನು ಜಾಹೀರಾತು ಎಂದೂ ಹೇಳುವುದಿಲ್ಲ.

ಹಳ್ಳಿಯವರಿಗೆ ಇದೆಲ್ಲ ಅರ್ಥವಾದೀತೇ ಎಂದು ಪಂಡಿತರು ಸಂಶಯಪಡುವುದುಂಟು. ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಭಿನ್ನರಾಶಿ ಕಲಿಸಿದವನು ನಾನು. ಒಂದೇ ಬಣ್ಣದ ಎರಡು ಗುಳಿಗೆ, ಒಂದರಲ್ಲಿ ಮದ್ದು, ಒಂದರಲ್ಲಿ ಹಿಟ್ಟು, ಯಾರಿಗೆ ಯಾವುದೆಂದು ಕೊನೆಯವರೆಗೆ ಯಾರಿಗೂ ಗೊತ್ತಿಲ್ಲ ಎಂದರೆ ಆ ಮಕ್ಕಳಿಗೂ ಅರ್ಥವಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವೆಷ್ಟು, ಸುಣ್ಣವೆಷ್ಟು ಎಂದು ತೂಗಿ ಬೆರೆಸುವ ತೋಟಿಗನಿಗೆ ಪ್ರಮಾಣದ ಪಾಠ ಹೊಸದಲ್ಲ.

ಅಂದು ಸಂಜೆ ಶಿಷ್ಯನಿಗೆ ಹೇಳಿದ್ದಿಷ್ಟು: ಗುಳಿಗೆ ಬಿಡಬೇಡ. ಕಷಾಯ ಕುಡಿಯಲೇಬೇಕೆಂದಿದ್ದರೆ ಡಾಕ್ಟರಿಗೆ ಹೇಳಿ, ಕೇಳಿ. ಎರಡೂ ಸೇರಿ ಸಕ್ಕರೆ ತೀರ ಕೆಳಗಿಳಿದೀತು. ಮುಚ್ಚಿಡಬೇಡ, ಪರೀಕ್ಷೆ ತಪ್ಪಿಸಬೇಡ. ಬಳ್ಳಿಯನ್ನು ಬುಡಸಮೇತ ಕೀಳಿಸಬೇಡ.

ಅವನು ಬೇರಿನ ಕಟ್ಟನ್ನು ಚೀಲಕ್ಕೆ ಹಾಕಿಕೊಳ್ಳುತ್ತ, “ಹಂಗಾರೆ ಇದು ಖರೆ ಏಕನಾಯಕ ಹೌದಾ ಅಲ್ದಾ ಹೇಳಿ ಯಾರ ಹತ್ರ ಕೇಳವು ಮಾಸ್ತರೇ?” ಎಂದ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಗಿಡ ಬಲ್ಲವರಿದ್ದಾರೆ, ಎಲೆ ಸಮೇತ ಒಯ್ದು ಕೇಳು ಎಂದೆ. ಗಿಡ ಯಾವುದೆಂದು ಅವರು ಹೇಳಬಲ್ಲರು. ಅವನ ಮೈಗೆ ಅದು ಎಷ್ಟು, ಹೇಗೆ, ಎಂದಿನವರೆಗೆ ಎಂಬ ಮುಂದಿನ ಪ್ರಶ್ನೆಗೆ ಉತ್ತರ ಬರೆದು ಕಳಿಸಬೇಕಾದವರು ಇನ್ನೂ ಬರೆದಿಲ್ಲ. ಓದುಗರಲ್ಲಿ ಯಾರಾದರೂ ಅಂಥ ಸಂಶೋಧನೆಯಲ್ಲಿದ್ದರೆ ದಯವಿಟ್ಟು ಆ ಒಂದು ಪುಟವನ್ನು ಬರೆಯಿರಿ. ಊರಿಗೆ ಓದಿ ಹೇಳುವ ಕೆಲಸ ನನ್ನದು.